ಕ್ಷಯ: ಚಂದ್ರನಿಗೂ ಬಂತು, ಆಡಿಗೂ ಬಂತು

ಹಲಸಿನ ಸೊಪ್ಪು ಕಟ್ಟಿದರೆ ದಂಟಷ್ಟೇ ಉಳಿಯುತ್ತದೆ. ಆಡಿಗೆ ಹಸಿವಿನ ಕೊರತೆಯಿಲ್ಲ, ಜ್ವರವಿಲ್ಲ, ಕೆಮ್ಮಿಲ್ಲ. ಆದರೂ ತಿಂಗಳಿಂದ ತಿಂಗಳಿಗೆ ಬೆನ್ನೆಲುಬು ಎದ್ದು ಕಾಣುತ್ತ ಹೋಗುತ್ತದೆ, ತೊಡೆ ಬತ್ತುತ್ತದೆ, ಕೂದಲು ಒರಟಾಗುತ್ತದೆ. ಕಾರ್ಕಳ, ಕಾಪು ಕಡೆ ಆಡು ಸಾಕುವವರಲ್ಲಿ ಕೇಳಿದರೆ ರೋಗದ ಹೆಸರು ಬರುವುದಿಲ್ಲ, ದೂರೊಂದು ಬರುತ್ತದೆ: "ತಿಂದದ್ದು ಮೈಗೆ ಹತ್ತುದಿಲ್ಲ ಮಾರಾಯ್ರೆ." ಜಂತುಹುಳದ ಮದ್ದು ಕುಡಿಸುತ್ತಾರೆ. ಹುಳವೇ ಕಾರಣವಾಗಿದ್ದರೆ ಆಡು ಚೇತರಿಸುತ್ತದೆ. ಮದ್ದು ಕೊಟ್ಟ ಮೇಲೂ ಸೊರಗುತ್ತಲೇ ಹೋದರೆ ಪಶುವೈದ್ಯರು ಅನುಮಾನ ಪಡುವ ಕಾಯಿಲೆಗಳಲ್ಲಿ ಜೋನ್ಸ್ ಕಾಯಿಲೆ ಒಂದು. ಪುಸ್ತಕದಲ್ಲಿ ಅದು ಪ್ಯಾರಾಟ್ಯೂಬರ್ಕ್ಯುಲೋಸಿಸ್, ಅಂದರೆ ಕ್ಷಯದ ಪಕ್ಕದ್ದು. ಈ 'ಪಕ್ಕದ್ದು' ಎಂಬುದಕ್ಕೇ ನನ್ನ ತಕರಾರು. ನಮ್ಮ ಕ್ಷಯ ಎಂಬ ಪದ ಹುಟ್ಟಿ ಬೆಳೆದ ಬಗೆಯನ್ನು ನೋಡಿದರೆ ಈ ಆಡು ಅದರ ಪಕ್ಕದಲ್ಲಿಲ್ಲ, ನಟ್ಟನಡುವೆ ನಿಂತಿದೆ.

ಸಂಸ್ಕೃತದಲ್ಲಿ 'ಕ್ಷಿ' ಎಂಬ ರೂಪದ ಧಾತು ಒಂದಲ್ಲ. ಒಂದಕ್ಕೆ ವಾಸಿಸು ಎಂದರ್ಥ. ಕ್ಷೇತ್ರ, ಕ್ಷಿತಿ, ಕ್ಷೇಮ ಎಲ್ಲ ಆ ಮನೆಯ ಮಕ್ಕಳು. ಇನ್ನೊಂದಕ್ಕೆ ಸವೆ, ನಶಿಸು ಎಂದರ್ಥ. ಎರಡರಿಂದಲೂ 'ಕ್ಷಯ' ಎಂಬ ಪದವೇ ಹುಟ್ಟುವುದರಿಂದ ಗೊಂದಲವಾಗಬಾರದೆಂದು, ವಾಸಸ್ಥಾನ ಎಂಬ ಅರ್ಥವಿದ್ದರೆ ಮೊದಲ ಅಕ್ಷರವನ್ನು ಏರುಸ್ವರದಲ್ಲಿ ನುಡಿಯಬೇಕು ಎಂದು ಪಾಣಿನಿ ಅದಕ್ಕಾಗಿಯೇ ಒಂದು ಸೂತ್ರ ಬರೆದಿಟ್ಟ. ಮಹಾಭಾರತದಲ್ಲಿ ಬರುವ 'ಯಮಕ್ಷಯ' ಯಮನಿಗೆ ಬಂದ ಕಾಯಿಲೆಯಲ್ಲ, ಯಮನ ಮನೆ. ಕನ್ನಡಕ್ಕೆ ಬರುವ ಹೊತ್ತಿಗೆ ಮನೆ ಬಿದ್ದುಹೋಗಿ ಸವೆತ ಮಾತ್ರ ಉಳಿಯಿತು: ಕ್ಷೀಣ, ಕ್ಷಯಿಸು, ಅಕ್ಷಯ. ಅಕ್ಷತೆ ಈ ಬಳಗದ್ದಲ್ಲ. ಅದು ಗಾಯ ಎಂಬರ್ಥದ 'ಕ್ಷತ'ದ ಕಡೆಯದು, ಮುರಿಯದ ಅಕ್ಕಿ. ನೋಡಲು ಅಣ್ಣತಮ್ಮಂದಿರಂತೆ ಕಾಣುತ್ತಾರೆ ಅಷ್ಟೆ.

ನಶಿಸು ಎಂಬ ಈ ಧಾತುವಿಗೆ ಗ್ರೀಕ್ ಭಾಷೆಯಲ್ಲಿ ರಕ್ತಸಂಬಂಧಿಯೊಂದಿದೆ. ಹಿಪೊಕ್ರೇಟಿಸ್‌ನ ಕಾಲದ ವೈದ್ಯರು ಸೊರಗಿ ಸಾಯುವ ರೋಗಕ್ಕೆ ಇಟ್ಟ ಹೆಸರು 'ಫ್ತಿಸಿಸ್'. ಭಾಷಾಶಾಸ್ತ್ರಜ್ಞರ ಲೆಕ್ಕದಲ್ಲಿ ನಮ್ಮ ಕ್ಷಯವೂ ಅವರ ಫ್ತಿಸಿಸ್ಸೂ ಒಂದೇ ಮೂಲದಿಂದ ಬಂದವು. ಒಬ್ಬರನ್ನೊಬ್ಬರು ಕೇಳದೆ ಎರಡು ನಾಡಿನ ವೈದ್ಯರು ಒಂದೇ ಬೇರಿನ ಪದವನ್ನು ಒಂದೇ ಬಗೆಯ ರೋಗಿಗೆ ಅಂಟಿಸಿದರು. ಯಾಕೆಂದರೆ ಇಬ್ಬರಿಗೂ ಕಂಡದ್ದು ಶ್ವಾಸಕೋಶವಲ್ಲ, ಕರಗುತ್ತಿದ್ದ ಮೈ.

ಕ್ಷಯ ಎಂಬ ಪದಕ್ಕೆ ಉಡುಪಿಯಷ್ಟು ಹತ್ತಿರದ ಊರು ಕರ್ನಾಟಕದಲ್ಲಿ ಇನ್ನೊಂದಿಲ್ಲ. ದಕ್ಷನ ಇಪ್ಪತ್ತೇಳು ಹೆಣ್ಣುಮಕ್ಕಳನ್ನು ಮದುವೆಯಾದ ಚಂದ್ರ ರೋಹಿಣಿಯೊಬ್ಬಳ ಮನೆಯಲ್ಲೇ ಉಳಿದುಬಿಟ್ಟ. ಮಾವ ಶಾಪ ಕೊಟ್ಟ, ಅಳಿಯನಿಗೆ ಕ್ಷಯ ಹಿಡಿಯಿತು. ಅವನು ಅಬ್ಜಾರಣ್ಯದಲ್ಲಿ ತಪಸ್ಸು ಮಾಡಿ ಶಿವನನ್ನು ಒಲಿಸಿ ಅರ್ಧ ವಾಸಿ ಮಾಡಿಕೊಂಡ. 'ಉಡು' ಎಂದರೆ ನಕ್ಷತ್ರ, ಅವುಗಳ ಒಡೆಯ ಉಡುಪ, ಅವನ ಊರು ಉಡುಪಿ. ಹೀಗೆ ಸ್ಥಳಪುರಾಣ. ತುಳುವರು ಮಾತ್ರ ತಮ್ಮ ಪಾಡಿಗೆ 'ಒಡಿಪು' ಎನ್ನುತ್ತಲೇ ಇದ್ದಾರೆ. ಸಂಸ್ಕೃತದ ವಿವರಣೆ ಆ ಹೆಸರಿಗೆ ಆಮೇಲೆ ತೊಡಿಸಿದ ಅಂಗಿ ಎಂದೇ ನನ್ನ ಗುಮಾನಿ. ಪುರಾಣ ಸೋಮನಾಥದವರದ್ದೂ ಹೌದು, ಆದರೆ ನಮ್ಮವರು ಅದನ್ನು ರಥಬೀದಿಯಲ್ಲೇ ನೆಲೆಗೊಳಿಸಿದ್ದಾರೆ. ಚಂದ್ರಮೌಳೀಶ್ವರನನ್ನು ಕಂಡು, ಅನಂತೇಶ್ವರನನ್ನು ಕಂಡು, ಆಮೇಲೆ ಕೃಷ್ಣ ಎಂಬುದು ವಾಡಿಕೆ. ಎರಡು ವರ್ಷಕ್ಕೊಮ್ಮೆ ಜನವರಿ 18ರ ಬೆಳಗಿನ ಜಾವ ಕೃಷ್ಣಮಠದಲ್ಲಿ ಪರ್ಯಾಯ ಬದಲಾಗುವಾಗ, ಇಳಿಯುವ ಯತಿಗಳು ಏರುವವರ ಕೈಗೆ ಕೊಡುವುದು ಅಕ್ಷಯಪಾತ್ರೆ ಮತ್ತು ಸಟ್ಟುಗ. ಕ್ಷಯ ಹಿಡಿದವನ ಗುಡಿ, ಅಕ್ಷಯ ಕೈಬದಲಾಗುವ ಮಠ, ಎರಡೂ ಒಂದೇ ಬೀದಿಯವು. ಅಬ್ಜಾರಣ್ಯವೇ ಬಾಯಿಂದ ಬಾಯಿಗೆ ಸವೆದು ಅಜ್ಜರಕಾಡು ಆಯಿತೆನ್ನುತ್ತಾರೆ. ಚಂದ್ರ ತಪಸ್ಸು ಮಾಡಿದನೆನ್ನುವ ಆ ಕಾಡಿನ ಹೆಸರಿನ ಜಾಗದಲ್ಲಿ ಈಗ ಇರುವುದು ಸರಕಾರಿ ಜಿಲ್ಲಾ ಆಸ್ಪತ್ರೆ.

ಚರಕಸಂಹಿತೆಗೂ ಚಂದ್ರನ ಕಥೆ ಗೊತ್ತು. ರಾಜನಾದ ಚಂದ್ರನಿಗೆ ಮೊದಲು ಬಂದದ್ದರಿಂದ ರಾಜಯಕ್ಷ್ಮ ಎಂಬ ಹೆಸರು. ಅಮರಕೋಶದಲ್ಲಿ ಕ್ಷಯ, ಶೋಷ, ಯಕ್ಷ್ಮ ಮೂರೂ ಒಂದೇ ರೋಗದ ಹೆಸರುಗಳು. ಚರಕ ಅಲ್ಲೊಂದು ಮಾತು ಹೇಳುತ್ತಾನೆ, ಆಡು ಸಾಕುವವರು ಕಿವಿಗೊಡಬೇಕಾದ್ದು: ಯಕ್ಷ್ಮ ಹಿಡಿದವನು ತಿಂದ ಅನ್ನದಲ್ಲಿ ಹೆಚ್ಚಿನ ಪಾಲು ಮಲವಾಗಿಯೇ ಹೋಗುತ್ತದೆ, ಧಾತುಗಳೆಲ್ಲ ಸವೆದ ಅವನಿಗೆ ಉಳಿದ ಬಲವೇ ಮಲದ ಬಲ, ಆದ್ದರಿಂದ ಅದನ್ನು ಕಾಪಾಡಬೇಕು. ತಿಂದದ್ದು ಮೈಗೆ ಹತ್ತುವುದಿಲ್ಲ ಎಂಬ ದೂರಿಗೂ ಇದಕ್ಕೂ ಏನು ದೂರ?

ಕಾರ್ಕಳಕ್ಕೆ ಹೋದರೆ ಪದ ಮಗ್ಗುಲು ಬದಲಿಸುತ್ತದೆ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ, 42 ಅಡಿಯ ಗೊಮ್ಮಟನ ಊರಿನಲ್ಲಿ ಕ್ಷಯ ಬೇಡುವಂಥದ್ದು. ಜೈನರ ಪ್ರಕಾರ ಕರ್ಮಕ್ಷಯ ಆಗದೆ ಕೇವಲಜ್ಞಾನವಿಲ್ಲ. ಅದೇ ತಾಲೂಕಿನ ನಂದಳಿಕೆಯಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪ, ಅಂದರೆ ನಮ್ಮ ಕವಿ ಮುದ್ದಣ, ಮಕ್ಕಳಿಗೆ ವ್ಯಾಯಾಮ ಕಲಿಸುತ್ತಿದ್ದವನು, 1901ರಲ್ಲಿ ಕ್ಷಯದಿಂದ ತೀರಿಕೊಂಡಾಗ ಅವನಿಗೆ 31 ವರ್ಷ. ಕಾಯಿಲೆಯ ಕೀಟಾಣು ಆಗಲೇ ಗೊತ್ತಾಗಿತ್ತು, ಮದ್ದು ಗೊತ್ತಾಗಿರಲಿಲ್ಲ. ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ.

ಪಂಚಾಂಗದವರ ಕೈಯಲ್ಲಿ ಕ್ಷಯತಿಥಿ, ಕ್ಷಯಮಾಸಗಳಿವೆ. 1963–64 ಮತ್ತು 1982–83ರಲ್ಲಿ ಒಂದೊಂದು ಚಾಂದ್ರಮಾಸವೇ ಲೋಪವಾಗಿತ್ತು. ಅರವತ್ತು ಸಂವತ್ಸರಗಳ ಕೊನೆಯದು ಸಂಸ್ಕೃತ ಪಟ್ಟಿಯಲ್ಲಿ ಕ್ಷಯ, ನಮ್ಮ ಪಂಚಾಂಗಗಳಲ್ಲಿ ಅಕ್ಷಯ. ವರ್ಷವಿಡೀ ಸಂಕಲ್ಪದಲ್ಲಿ ಆ ಹೆಸರು ಹೇಳಲು ಅಂಜಿ ಮುಂದೊಂದು 'ಅ' ಸೇರಿಸಿರಬೇಕು. 1986–87ರಲ್ಲಿ ಅದು ಬಂದುಹೋಯಿತು.

ಪದದ ಮೈ ಕುಗ್ಗಿದ್ದು 1882ರ ಮಾರ್ಚ್ 24ರ ನಂತರ. ಅಂದು ಬರ್ಲಿನ್‌ನಲ್ಲಿ ರಾಬರ್ಟ್ ಕಾಖ್ ಟ್ಯೂಬರ್ಕ್ಯುಲೋಸಿಸ್‌ನ ಬ್ಯಾಕ್ಟೀರಿಯವನ್ನು ತೋರಿಸಿದ. ಕ್ಷಯ ಎಂದರೆ ಸೊರಗುವಿಕೆ ಎಂದಿದ್ದದ್ದು ಕ್ಷಯ ಎಂದರೆ ಟಿಬಿ ಎಂದಾಯಿತು. ಟಿಬಿ ಎಂದರೆ ಕೆಮ್ಮು, ಕಫ, ಎದೆಯ ಎಕ್ಸ್‌ರೇ. ಈಗ ಸರಕಾರದ ಯೋಜನೆಯ ಹೆಸರು ನಿಕ್ಷಯ. 2012ರಲ್ಲಿ ಟಿಬಿ ರೋಗಿಗಳ ದಾಖಲಾತಿಗೆ ಬಂದ ಹೆಸರು, 2018ರಿಂದ ರೋಗಿಯ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 500 ರೂಪಾಯಿ, 2024ರ ನವೆಂಬರಿನಿಂದ 1000. ವೈಯಾಕರಣರು 'ನಿಃಕ್ಷಯ'ವಾಗಬೇಕಿತ್ತು ಎಂದು ಕೊಂಕು ತೆಗೆಯಬಹುದು, ತೆಗೆಯಲಿ. ಹಣ ಕೊಡುವುದು ಊಟಕ್ಕೆ ಎಂಬಲ್ಲಿ ಮಾತ್ರ ಪದದ ಹಳೆಯ ಅರ್ಥ ಇನ್ನೂ ಉಸಿರಾಡುತ್ತಿದೆ.

ಇನ್ನು ಆಡಿನ ಕಾಯಿಲೆ. 1895ರಲ್ಲಿ ಡ್ರೆಸ್ಡೆನ್‌ನಲ್ಲಿ ಹೈನ್ರಿಕ್ ಯೋನೆ ಎಂಬ ಪಶುವೈದ್ಯ ವಿಜ್ಞಾನಿ, ಅಮೆರಿಕದ ಫ್ರಾದಿಂಗ್‌ಹ್ಯಾಮ್ ಜೊತೆ ಸೇರಿ, ಸೊರಗಿ ಸತ್ತ ಹಸುವೊಂದರ ದಪ್ಪಗಟ್ಟಿದ ಕರುಳಿನಲ್ಲಿ ಟಿಬಿಯ ಬಣ್ಣದ ಪರೀಕ್ಷೆಗೆ ಒಪ್ಪುವ ಕೀಟಾಣುಗಳನ್ನು ಕಂಡ. ಹಕ್ಕಿಗಳ ಕ್ಷಯದ ಒಂದು ವಿಚಿತ್ರ ಬಗೆ ಇರಬೇಕು ಎಂದುಕೊಂಡ. ಇದು ಬೇರೆಯೇ ಕಾಯಿಲೆ ಎಂದು 1906ರಲ್ಲಿ ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬ್ಯಾಂಗ್ ತೋರಿಸಿದ. ಯೋನೆ ಇಂಗ್ಲಿಷರ ದಾರಿಯಲ್ಲಿ ಬಂದು ನಮ್ಮ ಪಶು ಆಸ್ಪತ್ರೆಗಳಲ್ಲಿ 'ಜೋನ್ಸ್' ಆಗಿ ಕೂತಿದ್ದಾನೆ, ಯಾರೋ ಇಂಗ್ಲೆಂಡಿನ ದೊರೆಯ ಹೆಸರಿನಂತೆ. ಕೀಟಾಣುವಿನ ಈಗಿನ ಹೆಸರಿನಲ್ಲೂ ಹಕ್ಕಿ ಉಳಿದಿದೆ: ಮೈಕೋಬ್ಯಾಕ್ಟೀರಿಯಂ ಏವಿಯಂ, ಉಪಪ್ರಭೇದ ಪ್ಯಾರಾಟ್ಯೂಬರ್ಕ್ಯುಲೋಸಿಸ್.

ಇದನ್ನು ಹಿಂಡಿನಲ್ಲಿ ಪತ್ತೆ ಮಾಡುವುದು ಏಕೆ ಕಷ್ಟ ಎಂದರೆ, ಹಿಡಿಯುವುದು ಮರಿಯಾಗಿದ್ದಾಗ, ಕಾಣುವುದು ಎರಡು ವರ್ಷ ದಾಟಿದ ಮೇಲೆ. ಮರಿ ಹಿಕ್ಕೆ ಮೆತ್ತಿದ ಕೆಚ್ಚಲನ್ನು ಚೀಪುವಾಗಲೋ ಗಿಣ್ಣುಹಾಲಿನ ಜೊತೆಗೋ ಕೀಟಾಣು ಒಳಹೋಗುತ್ತದೆ. ದನಕ್ಕೆ ಈ ಕಾಯಿಲೆ ಬಂದರೆ ನೀರಿನಂಥ ಭೇದಿ, ಎಲ್ಲರಿಗೂ ಗೊತ್ತಾಗುತ್ತದೆ. ಆಡು–ಕುರಿಗಳಲ್ಲಿ ಹೆಚ್ಚಿನವಕ್ಕೆ ಭೇದಿಯೇ ಇಲ್ಲ, ಹಿಕ್ಕೆ ಹಿಕ್ಕೆಯಾಗಿಯೇ ಬೀಳುತ್ತಿರುತ್ತದೆ. ಕೊನೆಕೊನೆಗೆ ಕೆಲವಕ್ಕೆ ಹಿಕ್ಕೆ ಮೆತ್ತಗಾಗಿ ಒಂದಕ್ಕೊಂದು ಅಂಟಬಹುದು, ಗದ್ದದ ಕೆಳಗೆ ನೀರು ತುಂಬಿ ಚೀಲದಂತೆ ಜೋತುಬೀಳಬಹುದು. ಹಿಂಡಿನಲ್ಲಿ ಹೀಗೆ ಒಂದು ಕಂಡಿತೆಂದರೆ, ಮೈಕೈ ತುಂಬಿಕೊಂಡಿರುವ ಇನ್ನೆಷ್ಟೋ ಆಡುಗಳು ಆಗಲೇ ಕೀಟಾಣು ಉದುರಿಸುತ್ತಿರಬಹುದು. ನೆರಳು, ತೇವ ಇದ್ದಲ್ಲಿ ಅದು ವರ್ಷದವರೆಗೂ ಬದುಕುತ್ತದೆ, ನಮ್ಮ ಕರಾವಳಿಯಲ್ಲಿ ಎರಡಕ್ಕೂ ಬರವಿಲ್ಲ. ಇಲ್ಲಿ ಆಡುಗಳನ್ನು ಹಲಗೆ ಹಾಸಿದ ಅಟ್ಟದ ಮೇಲೆ ಕಟ್ಟುವುದು ಮಳೆಗಾಲದ ಕೆಸರಿಗಾಗಿ. ಹಿಕ್ಕೆ ಸಂದಿನಿಂದ ಕೆಳಗೆ ಬಿದ್ದು ಮರಿಗಳ ಬಾಯಿಗೆ ಎಟುಕದಿರುವುದು ಅದರ ಜೊತೆಗೆ ಸಿಕ್ಕ ಲಾಭ.

ಪರೀಕ್ಷೆಗಳಲ್ಲಿ ಒಂದೊಂದಕ್ಕೂ ಒಂದೊಂದು ಕುಂದು. ಗುದದ್ವಾರದ ಒಳಗೋಡೆಯನ್ನು ಮೆಲ್ಲಗೆ ಕೆರೆದು, ಗಾಜಿನ ಮೇಲೆ ಸವರಿ, ಝೀಲ್–ನೀಲ್ಸನ್ ಬಣ್ಣ ಹಾಕಿ ನೋಡಿದರೆ ನೀಲಿ ಹಿನ್ನೆಲೆಯಲ್ಲಿ ಗುಂಪುಗುಂಪಾಗಿ ಕೆಂಪು ಕಡ್ಡಿಗಳು. ಮಣಿಪಾಲದಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು ಕಫದ ಸ್ಲೈಡಿಗೆ ಹಾಕುವುದೂ ಇದೇ ಬಣ್ಣ. ಆದರೆ ಕೀಟಾಣು ಕಡಿಮೆಯಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಹಿಕ್ಕೆಯಿಂದ ಕೀಟಾಣು ಬೆಳೆಸಿ ನೋಡುವುದು ಖಚಿತ, ಆದರೆ ತಿಂಗಳುಗಟ್ಟಲೆ ಬೇಕು, ಕುರಿಯ ತಳಿಯಂತೂ ಮಹಾ ಹಠಮಾರಿ. ರಕ್ತದ ಎಲೈಸಾ ಅಗ್ಗ, ಬೇಗ, ಹಿಂಡಿಗೆ ಹಿಂಡನ್ನೇ ನೋಡಬಹುದು. ಆದರೆ ರಕ್ತದಲ್ಲಿ ಪ್ರತಿಕಾಯ ತೋರುವುದು ಕಾಯಿಲೆ ಮುಂದುವರಿದ ಮೇಲೆ, ಆದ್ದರಿಂದ 'ಇಲ್ಲ' ಎಂದು ಬಂದ ಆಡು ಚೊಕ್ಕ ಎಂದು ಅಂದುಕೊಳ್ಳುವಂತಿಲ್ಲ. ಹಿಕ್ಕೆಯ ಪಿಸಿಆರ್ ಇವುಗಳ ನಡುವಿನ ದಾರಿ. ಹಲವು ಪ್ರಾಣಿಗಳ ಹಿಕ್ಕೆ ಒಟ್ಟುಗೂಡಿಸಿ ಒಂದೇ ಪರೀಕ್ಷೆ ಮಾಡುವ ಉಪಾಯವನ್ನು ಆಸ್ಟ್ರೇಲಿಯದವರು ಕುರಿಹಿಂಡುಗಳಿಗೆ ಬಳಸಿದರು. ಮಥುರಾ ಬಳಿಯ ಮಖ್ದೂಮ್‌ನ ಕೇಂದ್ರೀಯ ಆಡು ಸಂಶೋಧನಾ ಸಂಸ್ಥೆ ನಮ್ಮ ದೇಶದ ಆಡಿನಲ್ಲೇ ಸಿಕ್ಕ ತಳಿಯಿಂದ ಪರೀಕ್ಷೆಯನ್ನೂ ಲಸಿಕೆಯನ್ನೂ ರೂಪಿಸಿದೆ. ವಾಸಿ ಮಾಡುವ ಮದ್ದು ಮಾತ್ರ ಇಲ್ಲ. ಸೊರಗಿದ್ದನ್ನು ಬೇರೆ ಮಾಡಬೇಕು, ಮರಿಗಳನ್ನು ಚೊಕ್ಕ ಜಾಗದಲ್ಲಿ ಸಾಕಬೇಕು, ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಬಡಕಲು ಹೆಣ್ಣಾಡನ್ನು ಹಿಂಡಿಗೆ ಸೇರಿಸಬಾರದು.

ಕಾಯಿಲೆ ಮನೆಮಾಡುವುದು ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ತಿರುವಿನ ಸುತ್ತ. ಮನುಷ್ಯರ ಕರುಳಿನ ಟಿಬಿಗೂ ಅಚ್ಚುಮೆಚ್ಚಿನ ಜಾಗ ಅದೇ, ಕ್ರೋನ್ಸ್ ಕಾಯಿಲೆಗೂ ಅದೇ. ಮಣಿಪಾಲದಂಥ ದೊಡ್ಡ ಆಸ್ಪತ್ರೆಗಳಲ್ಲೂ ಇವೆರಡರಲ್ಲಿ ಯಾವುದೆಂದು ಬೇರ್ಪಡಿಸಲು ವೈದ್ಯರು ತಲೆಕೆಡಿಸಿಕೊಳ್ಳಬೇಕಾಗುತ್ತದೆ. ಮನುಷ್ಯನ ಕ್ರೋನ್ಸ್‌ನಂಥ ಈ ಕರುಳುಬೇನೆ ದನದ ಯೋನೆಯ ಕಾಯಿಲೆಯನ್ನೇ ಹೋಲುತ್ತದಲ್ಲ ಎಂದು ಗ್ಲಾಸ್ಗೊದ ಶಸ್ತ್ರವೈದ್ಯ ಡಾಲ್ಜಿಯಲ್ 1913ರಲ್ಲೇ ಬರೆದಿದ್ದ. ನಂಟು ಇದೆಯೇ ಎಂಬ ವಾದ ಇನ್ನೂ ಮುಗಿದಿಲ್ಲ.

ಪ್ರಯೋಗಾಲಯಕ್ಕೂ ಮೊದಲು ಇದು ಕಾಣಬಹುದಾದ ಜಾಗ ಮಾಂಸದಂಗಡಿಯ ಹಿತ್ತಲು. ಬೋಟಿ ತೊಳೆಯುವವನ ಬೆರಳಿಗೆ ಆ ತಿರುವಿನ ಹತ್ತಿರದ ಕರುಳು ದಪ್ಪವಾಗಿ, ಬಿಗಿದುಕೊಂಡಂತೆ ಸಿಗುತ್ತದೆ, ಪಕ್ಕದ ದುಗ್ಧಗ್ರಂಥಿಗಳು ಊದಿರುತ್ತವೆ. ಆಡಿನಲ್ಲಿ ಕೆಲವೊಮ್ಮೆ ಗ್ರಂಥಿ ಕೊಯ್ದರೆ ಚಾಕುವಿಗೆ ಸುಣ್ಣದ ಹರಳು ತಾಗುತ್ತದೆ, ಥೇಟು ಟಿಬಿಯಂತೆ. ಅವನು ಆ ತುಂಡನ್ನು ಕತ್ತರಿಸಿ ಬಿಸಾಡಿ ಉಳಿದದ್ದನ್ನು ತೂಗುತ್ತಾನೆ. ಆಡು ಎಲ್ಲಿಂದ ಬಂತೆಂದು ಅವನಿಗೆ ಗೊತ್ತಿರುತ್ತದೆ. ಆ ಕೊಟ್ಟಿಗೆಯ ಯಜಮಾನನಿಗೆ ಅವನೊಂದು ಫೋನ್ ಮಾಡುವ ಏರ್ಪಾಡಾದರೆ, ಹಿಕ್ಕೆ ಪರೀಕ್ಷೆಯನ್ನು ಯಾರ ಹಿಂಡಿನಿಂದ ಶುರುಮಾಡಬೇಕೆಂದು ಪಶುವೈದ್ಯರು ಹುಡುಕಬೇಕಾಗಿಲ್ಲ.