ಮೋಡೆಮ್ಮಿಗೂ ರೂಟರಿಗೂ ಸಂಬಂಧ ಕೂಡಿದ ಬಗೆ

ಹೋಟಗಿ ಜಂಕ್ಷನ್ನಿನ ಹಳೆಯ ದಿನಗಳು ನಿಮ್ಮಲ್ಲಿ ಹಿರಿಯರಾದವರಿಗೆ ನೆನಪಿರಬೇಕು. ಮುಂಬೈಯಿಂದ ಮದ್ರಾಸಿನ ಕಡೆಗೆ ಹೋಗುವ ಹಳಿ ಬ್ರಾಡ್ ಗೇಜ್. ಎರಡು ಕಂಬಿಗಳ ನಡುವೆ 1676 ಮಿಲಿಮೀಟರ್. ಗದಗ, ವಿಜಾಪುರದ ಕಡೆಯಿಂದ ಬರುವ ಹಳಿ ಮೀಟರ್ ಗೇಜ್, 1000 ಮಿಲಿಮೀಟರ್. ಒಂದರ ಡಬ್ಬಿ ಇನ್ನೊಂದರ ಮೇಲೆ ಓಡದು. ಸಾಮಾನನ್ನು ಒಂದರಿಂದ ಇಳಿಸಿ ಮತ್ತೊಂದಕ್ಕೆ ಏರಿಸಬೇಕು. ಈ ಶತಮಾನದ ಮೊದಲ ದಶಕದಲ್ಲಿ ಗದಗದ ಹಾದಿಯೂ ಅಗಲವಾದ ಮೇಲೆ ಆ ತಾಪತ್ರಯ ತಪ್ಪಿತು.

ಅದೇ ಬಗೆಯ ಪ್ರಶ್ನೆ ಈಗ ನಮ್ಮ ಪಡಸಾಲೆಗೆ ಬಂದಿದೆ. ಕನೆಕ್ಷನ್ ಕೊಟ್ಟವರ ಮೋಡೆಮ್ ಪಡಸಾಲೆಯಲ್ಲಿ. ನಮ್ಮ ಕಲ್ಲು-ಮಣ್ಣಿನ ಗೋಡೆಗಳೋ ಮೊಳದಷ್ಟು ದಪ್ಪ, ವೈಫೈ ಒಳಗಿನ ಕೋಣೆಗೆ ದಾಟುವುದಿಲ್ಲ. ಒಳಗೊಂದು ರೂಟರ್ ಬೇಕು. ಪುಣೆಯಲ್ಲಿರುವ ಮಗ ತಂದುಕೊಟ್ಟದ್ದು ಬೇರೆ ಕಂಪನಿಯದು. ಅಂಗಡಿಯವನು "ಈ ಜೋಡಿ ಕೂಡೂದಿಲ್ರಿ, ಎರಡೂ ಹೊಸಾವು ತಗೋರಿ" ಎನ್ನುತ್ತಾನೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಮಕ್ಕಳು ಸಿಗ್ನಲ್ಲಿಗಾಗಿ ಮಾಳಿಗೆ ಏರಿದ್ದನ್ನು ಕಂಡವರು ನಾವು. ಬಾಲಭಾರತಿಯ ಕನ್ನಡ ಪಠ್ಯಪುಸ್ತಕಗಳನ್ನೂ ಇಂಟರ್ನೆಟ್ಟಿನಿಂದಲೇ ಇಳಿಸಿಕೊಳ್ಳಬಹುದು. ಹೀಗಾಗಿ ಯಾರಾದರೂ ಹೆದರಿ ದುಡ್ಡು ಬಿಚ್ಚುತ್ತಾರೆ. ಬಿಚ್ಚುವ ಮೊದಲು ಈ ಪೆಟ್ಟಿಗೆಗಳ ಇತಿಹಾಸವನ್ನು ಸ್ವಲ್ಪ ಕೇಳಿರಿ.

ಮೋಡೆಮ್ ಎಂದರೆ ದುಭಾಷಿ. ಫೋನಿನ ತಂತಿ ಮನುಷ್ಯರ ಮಾತಿಗಾಗಿ ಹಾಕಿದ್ದು; ಕಂಪ್ಯೂಟರಿನದು ಸೊನ್ನೆ-ಒಂದರ ಲೆಕ್ಕ. ಇದನ್ನು ಅದಕ್ಕೆ, ಅದನ್ನು ಇದಕ್ಕೆ ತಿರುಗಿಸಿ ಹೇಳುವುದೇ ಮೋಡೆಮ್ಮಿನ ಕೆಲಸ. ನಮ್ಮ ದೇಶದಲ್ಲಿ 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಾಗ ಇಂಥ ಮೋಡೆಮ್ಮುಗಳೇ ಕಿರುಗುಟ್ಟುತ್ತಿದ್ದವು. 1997ರಲ್ಲಿ ಅಮೆರಿಕದಲ್ಲಿ ದೊಡ್ಡ ಜಗಳವೇ ಆಯಿತು. ಸೆಕೆಂಡಿಗೆ 56 ಸಾವಿರ ಬಿಟ್ ವೇಗದ ಮೋಡೆಮ್ಮನ್ನು ಯು.ಎಸ್. ರೋಬೋಟಿಕ್ಸ್ ಕಂಪನಿ 'ಎಕ್ಸ್2' ಎಂಬ ಪದ್ಧತಿಯಲ್ಲಿ ಮಾಡಿತು. ರಾಕ್‌ವೆಲ್ ಮತ್ತು ಲೂಸೆಂಟ್ 'ಕೆ56ಫ್ಲೆಕ್ಸ್' ಎಂಬ ಬೇರೆ ಪದ್ಧತಿ ಹಿಡಿದವು. ನಿಮ್ಮ ಮನೆಯದು ಒಂದು, ಆಚೆ ತುದಿಯದು ಇನ್ನೊಂದು ಆದರೆ ಎರಡೂ ಹಳೆಯ 33,600ರ ವೇಗಕ್ಕೆ ಇಳಿಯಬೇಕು. ಹೆಚ್ಚು ದುಡ್ಡು ಕೊಟ್ಟು ಕೊಂಡವರು ಬೇಸತ್ತರು. ಕೊನೆಗೆ 1998ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 'ವಿ.90' ಎಂಬ ಒಂದೇ ಪದ್ಧತಿಯನ್ನು ಒಪ್ಪಿಸಿತು. ಕಂಪನಿಗಳು ತಾವಾಗಿ ಒಳ್ಳೆಯವರಾಗಿ ಕೂಡಲಿಲ್ಲ, ಗಿರಾಕಿಗಳು ಕೊಳ್ಳಲು ಹಿಂದೇಟು ಹಾಕಿದ್ದರಿಂದ ಕೂಡಿದರು ಎಂದು ನನ್ನ ಎಣಿಕೆ.

ತಂತಿಯಿಲ್ಲದ ಸಂಪರ್ಕದ್ದೂ ಇದೇ ಕಥೆ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ಸಮುದ್ರದ ನಡುವಿನ ದ್ವೀಪಗಳ ಕಂಪ್ಯೂಟರುಗಳನ್ನು ರೇಡಿಯೋ ಅಲೆಗಳಿಂದ ಜೋಡಿಸಿದರು. ನೀವು ಈಗ ನನ್ನ ಮಾತು ಕೇಳುತ್ತಿರುವುದೂ ರೇಡಿಯೋದಲ್ಲೇ, ನೋಡಿರಿ! 1997ರಲ್ಲಿ '802.11' ಎಂಬ ನಿಯಮ ಬಂತು. ಆದರೆ ಅದರ ಒಕ್ಕಣೆ ಸಡಿಲವಾಗಿತ್ತು. ನಿಯಮ ಪಾಲಿಸಿದ ಎರಡು ಕಂಪನಿಗಳ ಸಾಮಾನೂ ಪರಸ್ಪರ ಮಾತಾಡದೆ ಕೂಡುತ್ತಿದ್ದವು. 1999ರಲ್ಲಿ ಆರು ಕಂಪನಿಗಳು ಸೇರಿ ಒಂದು ಸಂಘ ಕಟ್ಟಿದವು. ಬೇರೆಯವರ ಯಂತ್ರದೊಡನೆ ಕೂಡಿ ಕೆಲಸ ಮಾಡುತ್ತದೆಯೆ ಎಂದು ಪರೀಕ್ಷಿಸಿ ಮುದ್ರೆ ಒತ್ತತೊಡಗಿದವು. ಆ ಮುದ್ರೆಯ ಹೆಸರೇ ವೈಫೈ. ನಮ್ಮಲ್ಲಿ ಸರಕಾರ 2005ರಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯ ಸಣ್ಣ ಶಕ್ತಿಯ ಸಾಧನಗಳಿಗೆ ಲೈಸೆನ್ಸ್ ಬೇಡವೆಂದಿತು. ಹಿಂದೊಮ್ಮೆ ಮನೆಯ ರೇಡಿಯೋಕ್ಕೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಕಟ್ಟಿದವರಿಗೆ ಇದರ ಬೆಲೆ ತಿಳಿದೀತು.

ಇನ್ನು ಎರಡು ಪೆಟ್ಟಿಗೆಗಳ ನಡುವಿನ ತಂತಿ. ಅದು ಈಥರ್ನೆಟ್, 1973ರಲ್ಲಿ ಜೆರಾಕ್ಸ್ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿ, 1983ರಲ್ಲಿ ಎಲ್ಲರಿಗೂ ಒಂದೇ ನಿಯಮವಾಯಿತು. ಹೊಸ ರೂಟರ್ ವೇಗದ್ದಿರಲಿ, ಹಳೆಯ ಮೋಡೆಮ್ ನಿಧಾನದ್ದಿರಲಿ, ತಂತಿ ಚುಚ್ಚಿದೊಡನೆ ಎರಡೂ ತಮ್ಮತಮ್ಮಲ್ಲೇ ಕೇಳಿಕೊಂಡು ಇಬ್ಬರಿಗೂ ಬರುವ ವೇಗ ಹಿಡಿಯುತ್ತವೆ. ಆದ್ದರಿಂದ ಕಂಪನಿ ಬೇರೆಯಾದರೆ ಕೂಡುವುದಿಲ್ಲ ಎಂಬ ಮಾತಿನಲ್ಲಿ ಹುರುಳಿಲ್ಲ.

ಆದರೂ ಹಚ್ಚಿದ ಮೇಲೆ ಕೆಲವೊಮ್ಮೆ ನಡೆಯುವುದಿಲ್ಲ, ನಿಜ. ಕಾರಣ ಬೇರೆ. ಬ್ಯಾಂಕಿನಲ್ಲಿ ನಾವು ಹಿತ್ತಾಳೆಯ ಟೋಕನ್ ಕೊಟ್ಟು ಅಂಕಿ ಕೂಗಿ ಹಣ ಕೊಡುತ್ತಿದ್ದೆವು. ಎರಡು ಕೌಂಟರುಗಳು ಒಂದೇ ಅಂಕಿಯ ಟೋಕನ್ ಹಂಚಿದರೆ ಏನಾದೀತು? ಇಲ್ಲೂ ಅಷ್ಟೆ. ಹಳೆಯ ಪದ್ಧತಿಯ ಇಂಟರ್ನೆಟ್ ವಿಳಾಸಗಳು ಜಗತ್ತಿಗೆಲ್ಲ ಸುಮಾರು 430 ಕೋಟಿ ಮಾತ್ರ, ಸಾಲವು. ಅದಕ್ಕೆ 1996ರಲ್ಲಿ ಕೆಲವು ಅಂಕಿಗಳನ್ನು ಮನೆಯೊಳಗಿನ ಬಳಕೆಗೆಂದು ಮೀಸಲಿಟ್ಟರು. 192.168.1.1 ಎಂಬುದು ಅವುಗಳಲ್ಲೊಂದು. ಎಷ್ಟೋ ಮೋಡೆಮ್ಮುಗಳೂ ರೂಟರುಗಳೂ ಕಾರ್ಖಾನೆಯಿಂದ ಇದೇ ಅಂಕಿ ಹೊತ್ತು ಬರುತ್ತವೆ. ಎರಡೂ ಟೋಕನ್ ಹಂಚಲು ಕೂಡುತ್ತವೆ. ಹಂಚುವ ಕೆಲಸಕ್ಕೆ ಡಿಎಚ್‌ಸಿಪಿ ಎಂದು ಹೆಸರು.

ಉಪಾಯ ಸುಲಭ. ಎರಡನ್ನೂ ಜೋಡಿಸುವ ಮೊದಲೇ ರೂಟರಿನ ಡಿಎಚ್‌ಸಿಪಿಯನ್ನು ಬಂದ್ ಮಾಡಿರಿ. ಅದರ ವಿಳಾಸದ ಕೊನೆಯ ಅಂಕಿಯನ್ನು ಬದಲಿಸಿರಿ. ಹೊಸ ಅಂಕಿ ಮೋಡೆಮ್ ಹಂಚುವ ಅಂಕಿಗಳ ಹೊರಗಿರಲಿ. ಆಮೇಲೆ ಮೋಡೆಮ್ಮಿನಿಂದ ಬಂದ ತಂತಿಯನ್ನು ರೂಟರಿನ 'ಲ್ಯಾನ್' ಕಿಂಡಿಗೆ ಚುಚ್ಚಿರಿ. ಇಂಟರ್ನೆಟ್ ಎಂದು ಬರೆದ, ಹೆಚ್ಚಾಗಿ ಬೇರೆ ಬಣ್ಣದ ಕಿಂಡಿಗೆ ಅಲ್ಲ. ಹಂಚುವ ಕೌಂಟರ್ ಒಂದೇ ಉಳಿಯುತ್ತದೆ. ರೂಟರ್ ಬರೀ ಒಳಕೋಣೆಯ ವೈಫೈ ಕಂಬವಾಗುತ್ತದೆ. ಮೋಡೆಮ್ಮನ್ನು 'ಬ್ರಿಡ್ಜ್' ಮಾಡಿ ಕಾರಭಾರವನ್ನೆಲ್ಲ ರೂಟರಿಗೆ ಒಪ್ಪಿಸುವ ದಾರಿಯೂ ಉಂಟು, ಆದರೆ ಅದಕ್ಕೆ ಕನೆಕ್ಷನ್ನಿನ ಹೆಸರು, ಗುಪ್ತಪದ ಕೈಯಲ್ಲಿರಬೇಕು.

ಅಂಗಡಿಯವನ ಮಾತು ನಿಜವಾಗುವ ಒಂದು ಕಡೆಯಿದೆ. ಫೈಬರಿನಲ್ಲಿ ಜಿಪಾನ್, ಇಪಾನ್ ಎಂಬ ಎರಡು ಪದ್ಧತಿಗಳು ಸುಮಾರು 2004ರ ಹೊತ್ತಿಗೇ ಬೇರೆಬೇರೆಯಾಗಿ ಬೆಳೆದವು. ಒಂದರ ಪೆಟ್ಟಿಗೆ ಇನ್ನೊಂದರ ಎಕ್ಸ್‌ಚೇಂಜಿನೊಡನೆ ಮಾತಾಡದು, ಥೇಟ್ ಹಳೆಯ ಹೋಟಗಿ. ಆದಕಾರಣ ಫೈಬರ್ ನೇರವಾಗಿ ಬಂದು ಸೇರುವ ಪೆಟ್ಟಿಗೆಯನ್ನು ಕನೆಕ್ಷನ್ ಕೊಟ್ಟವರನ್ನು ಕೇಳಿಯೇ ಕೊಳ್ಳಿರಿ. ಅದರ ಹಿಂದೆ ಹಚ್ಚುವ ರೂಟರ್ ಯಾವ ಕಂಪನಿಯದಾದರೂ ನಡೆಯುತ್ತದೆ.