ಹಿಮ ಬೀಳದ ಊರಿನ ಬೆತ್ಲೆಹೇಮ್

ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ದೇವಾಲಯದ ಗೋಡೆ, ಗಂಟೆ, ಗೋಪುರಗಳ ಚರಿತ್ರೆಯನ್ನು ಇತರ ಲೇಖಕರು ಬರೆಯುವರಷ್ಟೆ. ನಾವು ಅತಿ ಸಾಮಾನ್ಯವಾದ ಒಂದು ವಸ್ತುವಿನ ಚರಿತ್ರೆಯನ್ನು ವಾಚಕರ ಮುಂದಿಡಬಯಸುತ್ತೇವೆ. ಅದು ಕ್ರಿಸ್ತಜಯಂತಿಯ ಕಾಲದಲ್ಲಿ ಗೋದಲಿಯ ಚಾವಣಿಯ ಮೇಲೆ ನಾವು ಹರಡುವ ಹತ್ತಿ.

ಕೆಲವು ವರ್ಷಗಳ ಹಿಂದೆ ಭಾನುವಾರದ ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳಿಗೆ ಕಾಗದ ಕೊಟ್ಟು, ಯೇಸುಸ್ವಾಮಿಯ ಜನನದ ಚಿತ್ರ ಬರೆಯಿರೆಂದೆವು. ಶಿವಬಸವ ನಗರದ ಮಕ್ಕಳೂ ಕ್ಯಾಂಪ್ ಭಾಗದ ಮಕ್ಕಳೂ ಅಲ್ಲಿದ್ದರು. ಬಹುತೇಕ ಎಲ್ಲರೂ ಬರೆದದ್ದು ಒಂದೇ ಚಿತ್ರ: ಮೊನಚಾದ ಮರಗಳು, ಹೊಗೆಗೂಡಿನ ಮನೆ, ಎಲ್ಲೆಲ್ಲೂ ಹಿಮ, ಆಕಾಶದಲ್ಲಿ ಜಿಂಕೆಗಳ ಬಂಡಿ. ಒಬ್ಬ ಬಾಲಕನು ನಮ್ಮ ಬಳಿ ಬಂದು, “ಫಾದರ್, ನಮ್ಮ ಊರಾಗ ಹಿಮಾನೇ ಬೀಳೂದಿಲ್ಲ. ಹಂಗಾದ್ರ ಬಾಲಯೇಸು ಇಲ್ಲಿಗೆ ಹೆಂಗ ಬರ್ತಾನ್ರೀ?” ಎಂದು ಕೇಳಿದನು. ನಾವು ಏನೋ ಉತ್ತರವಿತ್ತೆವು. ಆ ಉತ್ತರ ನಮಗೇ ಸಾಲದೆನಿಸಿತು. ನಮ್ಮ ಧರ್ಮವನ್ನು ಯಾರಾದರೂ ಪರದೇಶದ್ದೆಂದರೆ ನಾವು ನೊಂದುಕೊಳ್ಳುತ್ತೇವೆ. ಆದರೆ ನಮ್ಮ ಮಕ್ಕಳಿಗೆ ಆ ಪಾಠವನ್ನು ಮೊದಲು ಕಲಿಸಿದವರು ನಾವೇ ಅಲ್ಲವೇ?

ಶುಭಸಂದೇಶವನ್ನು ತೆರೆದು ನೋಡೋಣ. ಸಂತ ಮತ್ತಾಯನಾಗಲಿ ಸಂತ ಲೂಕನಾಗಲಿ ಹಿಮದ ಮಾತೆತ್ತುವುದಿಲ್ಲ. ಲೂಕನು ಹೇಳುವುದು ಹೊಲದಲ್ಲಿ ತಂಗಿ ಇರುಳೆಲ್ಲಾ ಮಂದೆ ಕಾಯುತ್ತಿದ್ದ ಕುರುಬರ ವಿಷಯವನ್ನು. ಬೆತ್ಲೆಹೇಮ್ ಸಮುದ್ರಮಟ್ಟದಿಂದ ಸುಮಾರು 775 ಮೀಟರ್ ಎತ್ತರದಲ್ಲಿದೆ. ನಮ್ಮ ಬೆಳಗಾವಿ ಸುಮಾರು 750 ಮೀಟರ್. ಎತ್ತರದಲ್ಲಿ ಅವೆರಡೂ ನೆರೆಹೊರೆಯ ಊರುಗಳೆನ್ನಬಹುದು. ಚಳಿಗಾಲದಲ್ಲಿ ಎಂದೋ ಒಮ್ಮೆ ಬೆತ್ಲೆಹೇಮಿನಲ್ಲಿ ಹಿಮ ಬೀಳುವುದುಂಟು. ಆದರೆ ಅದು ಹಿಮದ ನಾಡಲ್ಲ.

ಹಾಗಾದರೆ ಈ ಹಿಮ ಎಲ್ಲಿಂದ ಬಂದಿತು? 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಕ್ರಿಸ್ತಜಯಂತಿಯನ್ನು ಆಚರಿಸಿದರು. ಬಾಲಯೇಸುವಿನ ಬಡತನವನ್ನು ಜನರು ಕಣ್ಣಾರೆ ಕಾಣಲೆಂದು ಹುಲ್ಲು ತುಂಬಿದ ಗೋದಲಿ, ಜೀವಂತ ಎತ್ತು, ಕತ್ತೆಗಳನ್ನು ಅಲ್ಲಿ ತರಿಸಿದರು. ಹಳ್ಳಿಗರು ಪಂಜು ಹಿಡಿದು ಬಂದರು. ಗೋದಲಿಯ ಮೇಲೆಯೇ ಬಲಿಪೂಜೆ ನಡೆಯಿತು. ಆ ಹುಲ್ಲೂ ಆ ಎತ್ತೂ ಆ ಹಳ್ಳಿಯವೇ. ಬೆತ್ಲೆಹೇಮನ್ನು ತಮ್ಮೂರಿಗೆ ಕರೆತರುವುದೆಂದರೆ ಇದು.

ಇದೇ ದಾರಿಯಲ್ಲಿ ಫ್ಲಾಂಡರ್ಸ್ ದೇಶದ ಚಿತ್ರಕಾರ ಪೀಟರ್ ಬ್ರೂಗಲ್ 1566ರಲ್ಲಿ ‘ಬೆತ್ಲೆಹೇಮಿನ ಜನಗಣತಿ’ ಎಂಬ ಚಿತ್ರವನ್ನು ರಚಿಸಿದನು. ಅದಕ್ಕೆ ತುಸು ಮುಂಚೆ, 1564-65ರಲ್ಲಿ, ಆ ಸೀಮೆಯು ಭೀಕರವಾದ ಚಳಿಗಾಲವನ್ನು ಕಂಡಿತ್ತು. ಚಿತ್ರದಲ್ಲಿರುವುದು ಹಿಮ ಮುಚ್ಚಿದ ಅವನದೇ ನಾಡಿನ ಹಳ್ಳಿ. ಛತ್ರದ ಮುಂದೆ ಜನ ನೆರೆದಿದ್ದಾರೆ. ಮಕ್ಕಳು ಹಿಮದಲ್ಲಿ ಆಡುತ್ತಿದ್ದಾರೆ. ಅವರ ನಡುವೆ ಕತ್ತೆಯ ಮೇಲೆ ಮಾತೆ ಮರಿಯಮ್ಮನವರು, ಮುಂದೆ ಗರಗಸ ಹೊತ್ತ ಜೋಸೆಫರು. ಯಾರೂ ಅವರನ್ನು ಗುರುತಿಸುವುದಿಲ್ಲ. ಬ್ರೂಗಲ್ ಮಾಡಿದ್ದು ತಪ್ಪಲ್ಲ. ಪ್ರಭು ತನ್ನ ಹಳ್ಳಿಗೂ ಬಂದನೆಂದು ಅವನು ನಂಬಿದನು. ಅವನ ಹಳ್ಳಿಯಲ್ಲಿ ಹಿಮವಿತ್ತು.

ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಕಥೆ ಬೇರೆಯಾಯಿತು. 1843ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಕೋಲ್ ಎಂಬವರು ಕ್ರಿಸ್ಮಸ್ ಕಾರ್ಡನ್ನು ಮುದ್ರಿಸಿ ಮಾರಾಟಕ್ಕಿಟ್ಟರು. ಡಿಕನ್ಸರ ಪ್ರಸಿದ್ಧ ಕ್ರಿಸ್ಮಸ್ ಕಥೆಯೂ ಅದೇ ವರ್ಷ ಪ್ರಕಟವಾಯಿತು. ಅಮೆರಿಕದಲ್ಲಿ 1863ರಿಂದ ಥಾಮಸ್ ನಾಸ್ಟ್ ಎಂಬ ಚಿತ್ರಕಾರನು ಸಾಂತಾಕ್ಲಾಸನ ಚಿತ್ರಗಳನ್ನು ವಾರಪತ್ರಿಕೆಯೊಂದರಲ್ಲಿ ಬರೆಯತೊಡಗಿದನು. ಮುಂದೆ ಉತ್ತರ ಧ್ರುವವೇ ಸಾಂತಾಕ್ಲಾಸನ ಮನೆಯೆಂದಾಯಿತು. ನಾಲ್ಕನೆಯ ಶತಮಾನದ ಸಂತ ನಿಕೋಲಸರು ಮೈರಾ ಪಟ್ಟಣದ ಧರ್ಮಾಧ್ಯಕ್ಷರು. ಆ ಸ್ಥಳವಿರುವುದು ಇಂದಿನ ತುರ್ಕಿಯ ಬೆಚ್ಚನೆಯ ಕಡಲತೀರದಲ್ಲಿ. ಅಂತಹ ಮೇಷಪಾಲರು ತಮ್ಮ ಮುಕುಟವನ್ನು ಕಳೆದುಕೊಂಡು ಹಿಮದ ನಾಡಿನ ಮುದುಕರಾದರು! ಬಣ್ಣದ ಮುದ್ರಣ ಅಗ್ಗವಾದಂತೆ ಮಕ್ಕಳ ಚಿತ್ರಪುಸ್ತಕಗಳು ಈ ಹಿಮವನ್ನು ಲೋಕಕ್ಕೆಲ್ಲಾ ಹಂಚಿದವು.

ಈ ಪುಸ್ತಕಗಳಲ್ಲಿ ಒಳ್ಳೆಯವೂ ಇವೆ. ಇಂಗ್ಲೆಂಡಿನ ರೇಮಂಡ್ ಬ್ರಿಗ್ಸ್ 1978ರಲ್ಲಿ ಪ್ರಕಟಿಸಿದ ‘ದಿ ಸ್ನೋಮ್ಯಾನ್’ ಪುಸ್ತಕದ ಕಥೆಯಲ್ಲಿ ಒಂದು ಮಾತೂ ಇಲ್ಲ, ಎಲ್ಲವೂ ಚಿತ್ರ. ಬಾಲಕನೊಬ್ಬನು ಹಿಮದ ಮನುಷ್ಯನನ್ನು ಮಾಡುತ್ತಾನೆ. ಇರುಳು ಅವನೊಡನೆ ಹಾರಾಡುತ್ತಾನೆ. ಬೆಳಗಾಗುವಷ್ಟರಲ್ಲಿ ಅದು ಕರಗಿರುತ್ತದೆ. ಅಗಲಿಕೆಯ ದುಃಖವನ್ನು ಇಷ್ಟು ಮೃದುವಾಗಿ ಮಗುವಿಗೆ ಹೇಳುವುದು ಸುಲಭವಲ್ಲ. ಆದರೆ ಆ ಪುಸ್ತಕದಲ್ಲಿ ಕ್ರಿಸ್ಮಸ್ಸೇ ಇಲ್ಲ. 1982ರಲ್ಲಿ ಅದನ್ನು ಚಲನಚಿತ್ರವಾಗಿಸಿದಾಗ ಸಾಂತಾಕ್ಲಾಸನನ್ನು ಸೇರಿಸಲಾಯಿತು. ಹಿಮವಿದ್ದರೆ ಸಾಕು, ಅದು ಕ್ರಿಸ್ಮಸ್ ಎಂದು ಲೋಕವು ತಿಳಿಯುವಂತಾಗಿತ್ತು.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳುತ್ತೇವೆ. ಬಾಲ್ಯದಲ್ಲಿ ಶಾಲೆಯಲ್ಲಿ ಬಹುಮಾನವಾಗಿ ಬಂದ ಅಂತಹ ಒಂದು ಪುಸ್ತಕವನ್ನು ನಾವು ದಿಂಬಿನ ಕೆಳಗಿಟ್ಟು ಮಲಗಿದವರೇ. ಗುರುಗಳಾದ ಮೇಲೆ ಪ್ರತಿವರ್ಷವೂ ಅಂಗಡಿಯಿಂದ ಹತ್ತಿ ತರಿಸಿದವರೂ ನಾವೇ. ಉತ್ತರದ ಕ್ರೈಸ್ತರಿಂದ ನಾವು ಕಲಿಯಬೇಕಾಗಿದ್ದುದು ಅವರ ಧೈರ್ಯವನ್ನು. ಎರವಲು ತಂದದ್ದು ಅವರ ಹಿಮವನ್ನು.

ಆ ಧೈರ್ಯ ತೋರಿದವರು ನಮ್ಮಲ್ಲಿಯೂ ಇದ್ದಾರೆ. ನಮ್ಮ ಖಾನಾಪುರದ ಘಟ್ಟ ಇಳಿದರೆ ಸಿಗುವ ಗೋವೆಯಲ್ಲಿ 1902ರಲ್ಲಿ ಜನಿಸಿದ ಆಂಜೆಲೊ ಡಾ ಫೊನ್ಸೆಕಾ ಅವರು ಶಾಂತಿನಿಕೇತನದಲ್ಲಿ ಚಿತ್ರಕಲೆ ಕಲಿತು, ಸೀರೆಯುಟ್ಟ ಕಂದುಬಣ್ಣದ ಮರಿಯಮ್ಮನವರನ್ನು ಚಿತ್ರಿಸಿದರು. ಅದನ್ನು ಅಂದು ಹಲವರು ಒಪ್ಪಲಿಲ್ಲ. ಪುಣೆಯ ಕ್ರಿಸ್ತ ಪ್ರೇಮ ಸೇವಾ ಆಶ್ರಮದಲ್ಲಿದ್ದುಕೊಂಡು ಅವರು ಸಾಧನೆಯನ್ನು ಮುಂದುವರಿಸಿ, 1967ರಲ್ಲಿ ದೈವಾಧೀನರಾದರು. ಅದಕ್ಕೆ ನಾಲ್ಕು ವರ್ಷ ಮುಂಚೆ, 1963ರಲ್ಲಿ, ದ್ವಿತೀಯ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯನ್ನು ಕುರಿತ ತನ್ನ ಸಂವಿಧಾನದಲ್ಲಿ, ಧರ್ಮಸಭೆಯು ಯಾವುದೇ ಒಂದು ಕಲಾಶೈಲಿಯನ್ನು ತನ್ನ ಸ್ವಂತದ್ದೆಂದು ಹಿಡಿದಿಲ್ಲವೆಂದು ಸಾರಿತ್ತು. ನಂತರ ಬೆಂಗಳೂರಿನ ಬಳಿಯ ಸಿಲ್ವೆಪುರದಲ್ಲಿ ಕಲಾವಿದ ಜ್ಯೋತಿ ಸಾಹಿ ಅವರೂ ಇದೇ ದಾರಿಯಲ್ಲಿ ನಡೆದರು.

ಡಿಸೆಂಬರಿನಲ್ಲಿ ನಮ್ಮ ಬೆಳಗಾವಿ ಹೇಗಿರುತ್ತದೆಂಬುದನ್ನು ವಾಚಕರು ಬಲ್ಲರು. ಮುಂಜಾನೆ ಮಂಜು, ಎರೆಹೊಲಗಳಲ್ಲಿ ಎದೆಯೆತ್ತರದ ಜೋಳ, ಗಾಡಿ ತುಂಬ ಕಬ್ಬು, ಖಾನಾಪುರದ ಕಡೆ ಕೊಯ್ಲು ಮುಗಿದ ಗದ್ದೆ, ಅಂಗಳದಲ್ಲಿ ಭತ್ತದ ಹುಲ್ಲಿನ ಬಣವೆ. ಕೊಯ್ದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿಮಂದೆಯನ್ನು ತರುಬುತ್ತಾರೆ. ಕುರುಬನು ಕಂಬಳಿ ಹೊದ್ದು, ನಾಯಿಯನ್ನು ಕಾವಲಿಟ್ಟು, ಬಯಲಲ್ಲಿಯೇ ಇರುಳು ಕಳೆಯುತ್ತಾನೆ. ಸಂತ ಲೂಕನು ಬರೆದ ದೃಶ್ಯವನ್ನು ಉತ್ತರದ ಮಕ್ಕಳು ಪುಸ್ತಕದಲ್ಲಿ ನೋಡಬೇಕು. ನಮ್ಮ ಮಕ್ಕಳು ಬಸ್ಸಿನ ಕಿಟಕಿಯಿಂದ ನೋಡಬಹುದು. ನಾವು ಅವರಿಗೆ ಅದನ್ನು ತೋರಿಸಲಿಲ್ಲ, ಅಷ್ಟೆ.

ಹಿಮದ ಪುಸ್ತಕಗಳನ್ನು ಮಕ್ಕಳಿಂದ ಕಸಿದುಕೊಳ್ಳಿರೆಂದು ನಾವು ಹೇಳುತ್ತಿಲ್ಲ. ಅನ್ಯರ ಊರಿನ ಸೊಬಗನ್ನು ಕಂಡು ಮಗು ಹಿಗ್ಗಲಿ. ಆದರೆ ಈ ಶತಮಾನೋತ್ಸವದ ವರ್ಷ ಹತ್ತಿಯನ್ನು ಬಿಟ್ಟು, ಕುಂಬಾರಿಕೆಗೆ ಹೆಸರಾದ ಖಾನಾಪುರದ ಮಣ್ಣಿನಲ್ಲಿ ನಮ್ಮ ಮಕ್ಕಳೇ ಮೂರ್ತಿಗಳನ್ನು ಮಾಡಲಿ. ಅಲ್ಲಿಯ ಬಿದಿರು, ಹುಲ್ಲುಗಳಿಂದ ಕೊಟ್ಟಿಗೆ ಕಟ್ಟಲಿ. ಕುರುಬನಿಗೆ ಕಂಬಳಿ ಹೊದಿಸಲಿ. ಅವರು ಬರೆದ ಚಿತ್ರಗಳನ್ನು ಹೊಲಿದು ಕನ್ನಡದಲ್ಲಿ ಒಂದು ಪುಟ್ಟ ಪುಸ್ತಕ ಮಾಡೋಣ. ಆ ಬಾಲಕನ ಪ್ರಶ್ನೆಗೆ ನಾವು ಕೊಡಬೇಕಾಗಿದ್ದ ಉತ್ತರ ಅದೇ: ಮಗು, ಆತನು ಹಿಮದ ಮೇಲೆ ಜಾರಿ ಬರುವುದಿಲ್ಲ; ನಿನ್ನ ಹೊಲದ ಬದುವಿನ ಮೇಲೆ ನಡೆದು ಬರುತ್ತಾನೆ.

ಬಾಲಯೇಸುವಿನ ಕೃಪೆಯು ನಿಮ್ಮೆಲ್ಲರ ಮನೆಗಳ ಮೇಲಿರಲೆಂದು ಪ್ರಾರ್ಥಿಸುತ್ತೇವೆ.