ಒಂದೇ ಸಲ ಬಂದ ಜಾಹೀರಾತು

1964ರ ಸೆಪ್ಟೆಂಬರ್ 7, ಸೋಮವಾರ ರಾತ್ರಿ. ಅಮೆರಿಕದ ಎನ್‌ಬಿಸಿ ಚಾನೆಲ್‌ನಲ್ಲಿ ಸಿನಿಮಾ ಓಡ್ತಿತ್ತು. ನಡುವೆ ಒಂದು ನಿಮಿಷದ ಜಾಹೀರಾತು. ಪುಟ್ಟ ಹುಡುಗಿಯೊಬ್ಬಳು ಹೂವಿನ ಎಸಳು ಕೀಳ್ತಾ ತಪ್ಪುತಪ್ಪಾಗಿ ಎಣಿಸ್ತಾಳೆ. ಒಂಬತ್ತಕ್ಕೆ ಬಂದಾಗ ಗಂಡಸಿನ ದನಿಯೊಂದು ಹತ್ತರಿಂದ ಹಿಂದಕ್ಕೆ ಎಣಿಸೋಕೆ ಶುರುಮಾಡುತ್ತೆ. ಇಂಜಿನಿಯರಿಂಗ್ ಓದಿದ ನನಗೆ ಕೌಂಟ್‌ಡೌನ್ ಅಂದ್ರೆ ರಾಕೆಟ್ ಉಡಾವಣೆ. ಇಲ್ಲಿ ಸೊನ್ನೆಗೆ ಬಂದದ್ದೇ ಅಣುಬಾಂಬ್ ಸಿಡಿಯುತ್ತೆ.

ಇದು ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಚುನಾವಣಾ ಪ್ರಚಾರ. ಎದುರಾಳಿ ಬ್ಯಾರಿ ಗೋಲ್ಡ್‌ವಾಟರ್ ಹೆಸರೇ ಅದರಲ್ಲಿಲ್ಲ. ಬೇಕಾಗಿಯೂ ಇರಲಿಲ್ಲ; ಅಣ್ವಸ್ತ್ರದ ಬಗ್ಗೆ ಅವರಾಡಿದ ಮಾತುಗಳು ಜನರಿಗೆ ನೆನಪಿದ್ದವು. ನನ್ನ ತಕರಾರು ಇರೋದೇ ಇಲ್ಲಿ. ವಾದ ಮಾಡಿದ್ರೆ ಎದುರು ವಾದ ಮಾಡಬಹುದು. ಮಗುವಿನ ಮುಖಕ್ಕೆ ಯಾರು ಏನಂತ ಉತ್ತರ ಕೊಡ್ತಾರೆ?

ದುಡ್ಡು ಕೊಟ್ಟು ಹಾಕಿಸಿದ್ದು ಒಂದೇ ಸಲ. ಆಮೇಲೆ ಸಿಬಿಎಸ್, ಎಬಿಸಿ ವಾರ್ತೆಗಳು ವಿವಾದ ಅಂತ ಅದನ್ನೇ ತೋರಿಸಿದವು, ಪುಕ್ಕಟೆಯಾಗಿ. ಜಾಹೀರಾತು ಅಂತ ಗೊತ್ತಿದ್ರೆ ವೀಕ್ಷಕ ಸ್ವಲ್ಪ ಹುಷಾರಾಗಿರ್ತಾನೆ. ಸುದ್ದಿಯ ಬಾಗಿಲಿಂದ ಒಳಗೆ ಬಂದ್ರೆ?

ಜನ ಹೆದರಿದ್ದು ಬಾರದ ಯುದ್ಧಕ್ಕೆ. ಬರ್ತಿದ್ದ ಯುದ್ಧ ಬೇರೆ. ಸರಿಯಾಗಿ ಒಂದು ತಿಂಗಳ ಹಿಂದೆ, ಆಗಸ್ಟ್ 7ರಂದು, ವಿಯೆಟ್ನಾಂನಲ್ಲಿ ಸೇನಾಬಲ ಬಳಸೋ ಅಧಿಕಾರವನ್ನ ಅಮೆರಿಕದ ಸಂಸತ್ತು ಜಾನ್ಸನ್ ಕೈಗಿಟ್ಟಿತ್ತು. ವಿರುದ್ಧ ಮತ ಹಾಕಿದವರು ಇಬ್ಬರೇ ಸೆನೆಟರ್‌ಗಳು. ಆ ಒಂದು ನಿಮಿಷದಲ್ಲಿ ವಿಯೆಟ್ನಾಂ ಎಲ್ಲೂ ಇಲ್ಲ. ನವೆಂಬರ್‌ನಲ್ಲಿ ಶಾಂತಿಯ ಅಭ್ಯರ್ಥಿ 44 ರಾಜ್ಯ ಗೆದ್ದರು. 1965ರ ಮಾರ್ಚ್ 8ರಂದು ಸುಮಾರು 3,500 ಅಮೆರಿಕನ್ ಮರೀನ್ ಸೈನಿಕರು ಡಾ ನಾಂಗ್‌ಗೆ ಬಂದಿಳಿದರು.